ಮೇನು ಆರಿಸುವ ಸ್ಟುಡಿಯೋದವನು

ಕೆಳಗಿನ ಅಂಗಡಿಗೆ ಫೋಟೋ ಸ್ಟುಡಿಯೋದವನೊಬ್ಬ ಬಾಡಿಗೆಗೆ ಬರುತ್ತಾನೆಂದು ನಮ್ಮ ಯಜಮಾನರು ಹೇಳಿದ ದಿನ ನಾನು ಮೆಟ್ಟಿಲು ತೊಳೆಯುತ್ತಿದ್ದೆ. "ಪಾಪ, ವೈರು ಹತ್ತಿಕೊಂಡು ಮೊದಲಿನ ಅಂಗಡಿ ಬೂದಿಯಾಯ್ತಂತೆ" ಎಂದರು. "ಇಲ್ಲೂ ಹತ್ತಿಕೊಂಡ್ರೆ? ಮೇಲೆ ಮಲಗೋರು ನಾವು!" ಎಂದು ಪೊರಕೆ ಹಿಡಿದೇ ಜಗಳಕ್ಕೆ ನಿಂತೆ.

ನನ್ನ ಮಾತು ಅವನ ಕಿವಿಗೂ ಬಿದ್ದಿರಬೇಕು. ಬಂದ ದಿನದಿಂದಲೇ, ಸಂಜೆ ಹೊರಡುವಾಗ ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಟಪ್ಪೆಂದು ಕೆಳಗೆಳೆದು ಮೆಟ್ಟಿಲ ಬುಡದಿಂದ ಕೂಗುತ್ತಿದ್ದ: "ಅಕ್ಕಾ, ಮೇನು ಆರ್ಸಿದೀನಿ. ನಿಶ್ಚಿಂತೆಯಾಗಿ ಮಲಗಿ." ಯಜಮಾನರು ತೀರಿಹೋದ ಮೇಲೂ ಆ ಕೂಗು ತಪ್ಪಲಿಲ್ಲ. ಅದನ್ನು ಕೇಳದಿದ್ದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಅವನ ಹೆಂಡತಿ ಅಂಗಡಿಯಲ್ಲೇ ಕೂತು ಫೋಟೋಗಳಿಗೆ ಕಟ್ಟು ಹಾಕುತ್ತಿದ್ದಳು. ಹೊಸ ಲೈಟು ಬಂದಾಗಲೆಲ್ಲ ಮೊದಲು ಅವಳನ್ನೇ ಸ್ಟೂಲಿನ ಮೇಲೆ ಕೂರಿಸಿ ಬೆಳಕು ನೋಡುತ್ತಿದ್ದ. "ಗಿರಾಕಿಗಿಂತ ಮುಂಚೆ ಬಲಿ ನಾನು" ಎಂದು ನಗುತ್ತಿದ್ದಳು. ಆ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲೇ ಉಳಿದವು. ಊರ ಗೋಡೆ ತುಂಬಿಸಿದವನ ಮನೆ ಗೋಡೆ ಬೋಳು. ಹೋದ ವರ್ಷ ಅವಳು ತೀರಿಕೊಂಡ ಮೇಲೂ ಅಷ್ಟೇ: "ನಾಳೆ ಒಂದು ಪ್ರಿಂಟ್ ಹಾಕಿಸ್ತೀನಿ ಅಕ್ಕ, ಯಾವ್ದು ಅಂತ ತೋಚ್ತಿಲ್ಲ."

ಆಪರೇಟಿಂಗ್ ಸಿಸ್ಟಮ್ ಹಳೆಯದಾಯಿತು, ಹೊಸದು ಹಾಕಿಕೋ ಎಂದು ಕಂಪ್ಯೂಟರು ದಿನಾ ಪೀಡಿಸುತ್ತಿತ್ತಂತೆ. ಒಂದು ಸಂಜೆ ಒಪ್ಪಿಗೆ ಒತ್ತಿದ. ಪರದೆಯಲ್ಲಿ ಚಕ್ರ ತಿರುಗತೊಡಗಿತು. ಬೆಳಗಿನವರೆಗೆ ಓಡಲಿ ಎಂದುಕೊಂಡು ಎದ್ದ. ಆದರೆ ಕೈಗೆ ಬುದ್ಧಿ ಹೇಳುವವರು ಯಾರು? ಬಾಗಿಲಿಗೆ ಬಂದದ್ದೇ ತಡ, ಟಪ್ಪೆಂದು ಮೇನು ಎಳೆಯಿತು. "ಅಕ್ಕಾ, ಮೇನು ಆರ್ಸಿ..." ಕೂಗು ಅರ್ಧಕ್ಕೇ ನಿಂತಿತು.

ಏನಾಯಿತೋ ಎಂದು ಕೆಳಗಿಳಿದೆ. ಅಷ್ಟರಲ್ಲಿ ಅವನು ಮೇನು ಮತ್ತೆ ಮೇಲೆತ್ತಿದ್ದ. ಕಪ್ಪು ಪರದೆಯ ಮೇಲೆ ನಾಲ್ಕು ಬಿಳಿ ಅಕ್ಷರ. ಹೊಸದೂ ಆಗದು, ಹಳೆಯದಕ್ಕೂ ಹಿಂದಿರುಗದು.

"ಆ ಗುಂಡಿ ಒತ್ತಿ ನೋಡೋ ತಮ್ಮ."

"ಒತ್ತದೆ ಬಿಟ್ಟ ಗುಂಡಿ ಇಲ್ಲ ಅಕ್ಕ."

ನನಗೆ ಗೊತ್ತಿದ್ದ ರಿಪೇರಿ ಒಂದೇ, ರೇಡಿಯೋ ನಿಂತರೆ ತಲೆಗೆ ಮೊಟಕುವುದು. ಅದನ್ನೂ ಮಾಡಿ ನೋಡಿದೆ.

ಮರುದಿನ ರಿಪೇರಿಯವರು ಪೆಟ್ಟಿಗೆ ಬಿಚ್ಚಿದರು. "ಡಿಸ್ಕೇ ಸವೆದುಹೋಗಿದೆ. ಇನ್ನೊಂದು ಕಾಪಿ ಇಟ್ಟಿಲ್ವಾ?"

"ಗಿರಾಕಿಗಳದ್ದು ಇದೆ. ಇವಳದ್ದು... ಇವಳೆಲ್ಲಿ ಹೋಗ್ತಾಳೆ ಅಂತ ಇಟ್ಟಿರ್ಲಿಲ್ಲ."

ಅವರು ಆ ಡಿಸ್ಕನ್ನು ತಾವು ತಂದ ಯಂತ್ರಕ್ಕೆ ಅಂಗಡಿಯಲ್ಲೇ ಜೋಡಿಸಿ ಓದಲು ಬಿಟ್ಟರು. "ಚೂರುಚೂರಾಗಿ ಓದ್ತಿದೆ, ಮುಗಿಯೋಕೆ ನಾಳೆ ಬೆಳಗಾಗುತ್ತೆ. ಫೋಟೋ ಸಿಕ್ಕಿದಷ್ಟು ಸಿಗುತ್ತೆ. ಮಧ್ಯೆ ಕರೆಂಟ್ ಹೋದ್ರೆ ಈ ಡಿಸ್ಕ್ ಮತ್ತೆ ಏಳೋದು ಅನುಮಾನ" ಎಂದು ಹೇಳಿ ಹೋದರು.

ಅವಳು ಕೂರುತ್ತಿದ್ದ ಸ್ಟೂಲಿನ ಮೇಲೆಯೇ ಕೂತು ಅವನು ಕಾದ. ನಾನು ಒಯ್ದ ಅನ್ನ ಆರಿ ತಣ್ಣಗಾಯಿತು. ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದ. ಬೀದಿಯವರು ಸೇರಿ ಕಾರಿಗೆ ಹತ್ತಿಸಿದರು. ಅವನು ನನ್ನ ಕೈ ಬಿಡಲಿಲ್ಲ.

"ಹೋಗಿ ಬಾ ತಮ್ಮ. ಅಂಗಡಿ ನಾನು ಮುಚ್ತೀನಿ, ಮೇನೂ ಆರಿಸ್ತೀನಿ" ಎಂದೆ, ಸಮಾಧಾನಕ್ಕೆ.

ಅವನ ಕಣ್ಣುಗಳು ಅಗಲವಾದವು. ಅವನ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದೇ: "ಬೇಡ ಅಕ್ಕಾ, ಮೇನು ಆರಿಸ್ಬೇಡಿ. ಇವತ್ತೊಂದಿನ... ಭಯದಲ್ಲೇ ಮಲಗಿ."