ನಾನು ಕರೆಯುವ ತನಕ

ನನ್ನ ಸೋದರತ್ತೆ ಎಂದೂ ಹಾಕಿದ ಗೆರೆ ದಾಟಿದವಳಲ್ಲ. ತಾತ ಚರ್ಚಿನ ಸಭಾಪಾಲಕರಾಗಿದ್ದರು, ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಅತ್ತೆಗೆ ಅದು ಹೊರೆ ಅನ್ನಿಸಲೂ ಇಲ್ಲ. “ಇವಳಿಗೆ ಬಾಗಿಲು ಕಾಯಿ ಅಂದ್ರೆ, ಕಳ್ಳರು ಬಾಗಿಲನ್ನೇ ಕಿತ್ಕೊಂಡು ಹೋದ್ರೂ ಚೌಕಟ್ಟು ಕಾಯ್ತಾ ಕೂತಿರ್ತಾಳೆ” ಎಂದು ನನ್ನಪ್ಪ ತಂಗಿಯನ್ನು ಛೇಡಿಸುತ್ತಿದ್ದರು.

ಅವಳಿಗೆ ಮೂವತ್ತೆಂಟಾಗಿದ್ದಾಗ, ಹೊರದೇಶದ ಚರ್ಚ್ ಶಾಲೆಯೊಂದಕ್ಕೆ ಟೀಚರ್ ಬೇಕೆಂದು ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಕೇಳಿದರು. ದೇವರು ಕರೆದರೆ ಹೋಗಬೇಕು ಎಂದವಳೇ ಹಿಂದೆಮುಂದೆ ನೋಡದೆ ಪೆಟ್ಟಿಗೆ ಕಟ್ಟಿದಳು. ಎರಡು ವರ್ಷದಲ್ಲಿ ಅಲ್ಲಿನ ಭಾಷೆಯನ್ನೂ ಕಲಿತಳು. ಆರು ವರ್ಷದ ಇಪ್ಪತ್ತೆರಡು ಮಕ್ಕಳ ತರಗತಿ ಅವಳದಾಯಿತು.

ಇಪ್ಪತ್ತೊಂದು ಮಕ್ಕಳು ಹೇಳಿದ ಹಾಗೆ ಕೇಳುತ್ತಿದ್ದರು. ಒಬ್ಬಳು ಮಾತ್ರ ಯಾವುದಕ್ಕೂ “ಯಾಕೆ?” ಅನ್ನುತ್ತಿದ್ದಳು. ಸಾಲಿನಲ್ಲಿ ಯಾಕೆ ನಿಲ್ಲಬೇಕು, ಪ್ರಾರ್ಥನೆಗೆ ಕಣ್ಣು ಯಾಕೆ ಮುಚ್ಚಬೇಕು. ಅತ್ತೆ ನಮಗೆ ಬರೆಯುವ ಪತ್ರಗಳಲ್ಲಿ ಅವಳಿಗೆ ‘ಯಾಕಮ್ಮ’ ಎಂದೇ ಹೆಸರಿಟ್ಟಿದ್ದಳು. “ದೊಡ್ಡವರ ಮಾತು ಕೇಳದ ಮಗು ನಾಳೆ ದೇವರ ಮಾತನ್ನಾದರೂ ಹೇಗೆ ಕೇಳೀತು? ಇವಳನ್ನು ತಿದ್ದಿಯೇ ತೀರುತ್ತೇನೆ” ಎಂದು ಬರೆದಿದ್ದಳು. ತಿದ್ದಿದಳು ಕೂಡ. ಐದನೆಯ ತಿಂಗಳಿಗೆ ಹುಡುಗಿಯ ಪ್ರಶ್ನೆಗಳು ನಿಂತವು. “ಮಣ್ಣು ಹದಕ್ಕೆ ಬಂತು” ಎಂದು ಆ ತಿಂಗಳ ಪತ್ರದಲ್ಲಿತ್ತು.

ಒಂದು ಬುಧವಾರ ಬೆಳಿಗ್ಗೆ ಪ್ರಾರ್ಥನೆಯ ನಡುವೆ ಯಾಕಮ್ಮ ಕಿಸಕ್ಕನೆ ನಕ್ಕಳು. ಅತ್ತೆ ಅವಳ ಕೈಹಿಡಿದು ಹಜಾರದ ಕೊನೆಗೆ ಕರೆದೊಯ್ದಳು. ಅಲ್ಲಿ ಅಡುಗೆಮನೆಗೆ ಅಂಟಿಕೊಂಡಂತೆ, ಮಕ್ಕಳ ಕೋಟುಗಳನ್ನು ತೂಗುಹಾಕುವ ಸಣ್ಣ ಕೋಣೆಯಿತ್ತು. ಹಿಂದೊಮ್ಮೆ ಅಲ್ಲಿ ನಿಲ್ಲಿಸಿದ್ದಾಗ ಅಡುಗೆಯವಳು ಕನಿಕರಪಟ್ಟು ಹುಡುಗಿಯನ್ನು ಆಚೆ ಕರೆದುಬಿಟ್ಟಿದ್ದಳು. ಅದು ಅತ್ತೆಗೆ ನೆನಪಿತ್ತು.

“ನಾನು ಕರೆಯೋ ತನಕ ಇಲ್ಲಿಂದ ಅಲ್ಲಾಡಬಾರದು. ಬೇರೆ ಯಾರು ಕರೆದರೂ ಹೋಗಬಾರದು. ತಿಳೀತಾ?”

ಹುಡುಗಿ ತಲೆಯಾಡಿಸಿದಳು.

ಕಾಲು ಗಂಟೆಯೂ ಕಳೆದಿರಲಿಲ್ಲ, ಅಪಾಯದ ಗಂಟೆ ಹೊಡೆಯತೊಡಗಿತು. ಅಡುಗೆಮನೆಯ ಗ್ಯಾಸ್ ಪೈಪು ಒಡೆದಿತ್ತು. ಹಜಾರದಲ್ಲಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅತ್ತೆ ಮಕ್ಕಳನ್ನು ಸಾಲು ಮುರಿಯದಂತೆ ಮೈದಾನದ ಆಚೆಯ ಬೇಲಿಯವರೆಗೆ ನಡೆಸಿ, ಹಾಜರಿ ಪುಸ್ತಕ ಬಿಚ್ಚಿ ಎಣಿಸಿದಳು. ಇಪ್ಪತ್ತೊಂದು. ಮತ್ತೆ ಎಣಿಸುವ ಅಗತ್ಯವಿರಲಿಲ್ಲ.

ಅಷ್ಟರಲ್ಲಿ ಅಗ್ನಿಶಾಮಕದವರು ಬಂದು ಕಟ್ಟಡದ ಸುತ್ತ ಹಗ್ಗ ಕಟ್ಟಿದ್ದರು.

“ಒಳಗೆ ಮಗು ಇದೆ” ಎಂದಳು ಅತ್ತೆ.

“ಎರಡು ಸಲ ಕೂಗಿ ನೋಡಿದ್ವಿ. ಯಾರೂ ಓಗೊಡಲಿಲ್ಲ” ಎಂದ ಅವರ ಮುಖ್ಯಸ್ಥ.

“ಕೋಟಿನ ಕೋಣೆಯಲ್ಲಿ ನೋಡಿದ್ರಾ?”

“ನಾನೂ ಬಾಗಿಲಲ್ಲಿ ನಿಂತು ಕರೆದೆ” ಎಂದಳು ಅಡುಗೆಯವಳು. “ಕೋಟು ಬಿಟ್ರೆ ಏನೂ ಕಾಣಲಿಲ್ಲ.”

ಯಾಕೆ ಕಾಣಲಿಲ್ಲ ಎಂಬುದು ಅತ್ತೆಗೆ ಆ ಕ್ಷಣವೇ ಹೊಳೆಯಿತು. ಬೇರೆಯವರು ಕರೆದದ್ದಕ್ಕೇ ಹುಡುಗಿ ಕೋಟುಗಳ ಹಿಂದೆ ಸರಿದಿದ್ದಳು.

“ನಾನು ಕರೆದರೆ ಮಾತ್ರ ಬರ್ತಾಳೆ. ನನ್ನನ್ನ ಬಿಡಿ.”

“ಒಂದು ಕಿಡಿ ಬಿದ್ರೆ ಎಲ್ಲ ಮುಗೀತು. ಯಾರನ್ನೂ ಬಿಡೋ ಹಾಗಿಲ್ಲ.”

ಅತ್ತೆ ಹಗ್ಗದಡಿ ನುಸುಳಿ ಓಡಿದಳು. ಹಿಂದಿನಿಂದ ಅವರು ಕೂಗುತ್ತಿದ್ದುದು ಕೇಳಿಸುತ್ತಿತ್ತು. ಕಟ್ಟಡದ ಹಿಂಬದಿಗೆ ಹೋಗಿ, ಕೋಟಿನ ಕೋಣೆಯ ಎತ್ತರದ ಕಿಟಕಿಯಡಿ ನಿಂತು, ಹುಡುಗಿಯ ನಿಜವಾದ ಹೆಸರು ಹಿಡಿದು ಕೂಗಿದಳು. “ನಾನು ಕರೀತಿದೀನಿ. ಆಚೆ ಬಾ. ಯಾರು ಸಿಕ್ಕಿದ್ರೂ ಅವರ ಕೈ ಹಿಡ್ಕೊಂಡು ಬಾ.” ಒಳಗಿನಿಂದ ಸದ್ದಿಲ್ಲ. ಮತ್ತೆ ಕೂಗಿದಳು, ಮತ್ತೂ ಕೂಗಿದಳು. ಆಮೇಲೆ ಕೋಣೆಯೊಳಗೆ ಒಂದು ಬೆಂಚು ನೆಲಕ್ಕೆ ಉಜ್ಜಿದ ಸದ್ದಾಯಿತು.

ಮುಖವಾಡ ತೊಟ್ಟು ಮತ್ತೆ ಒಳಹೊಕ್ಕಿದ್ದ ಅಗ್ನಿಶಾಮಕದವನೊಬ್ಬ ಹಜಾರದಲ್ಲಿ ತೂರಾಡಿ ಬರುತ್ತಿದ್ದ ಹುಡುಗಿಯನ್ನು ಎತ್ತಿಕೊಂಡು ಬಂದ. ಅವಳು ಹುಲ್ಲಿನ ಮೇಲೆ ಎರಡು ಸಲ ವಾಂತಿ ಮಾಡಿದಳು. ಮುಖ ಸುಣ್ಣದಂತಿತ್ತು. ಅತ್ತೆಯನ್ನು ಕಂಡದ್ದೇ, “ಬೇರೆಯವರು ಕರೆದ್ರು ಟೀಚರ್, ನಾನು ಹೋಗಲೇ ಇಲ್ಲ” ಎಂದಳು. ಶಭಾಷ್ ಅನ್ನಿಸಿಕೊಳ್ಳಲು ಕಾಯುವಂತೆ ನೋಡಿದಳು.

ಮರುದಿನ ಹೆಡ್‌ಮಿಸ್ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಪರದೇಶದಲ್ಲಿ ಅತ್ತೆಯನ್ನು ಮನೆಮಗಳಂತೆ ನೋಡಿಕೊಂಡ ಹಿರಿಯಾಕೆ. ಒಂದು ಖಾಲಿ ಹಾಳೆ ಮುಂದಿಟ್ಟರು.

“ಮಗು ತಾನಾಗಿ ಬಚ್ಚಿಟ್ಟುಕೊಂಡಿತ್ತು ಅಂತ ಬರೆದುಕೊಡು. ನಿನ್ನೆಯೇ ಅವರಮ್ಮನಿಗೆ ಹಾಗಂತ ಹೇಳಿದೀನಿ. ಇಲ್ಲಾಂದ್ರೆ ಶಾಲೆ ಮುಚ್ಚಿಸ್ತಾರೆ.”

“ಅದು ಸುಳ್ಳಲ್ವಾ, ಅಮ್ಮ?”

“ಬಚ್ಚಿಟ್ಟುಕೊಂಡಿದ್ದು ನಿಜ ತಾನೆ? ಮೇಲಿನವರ ಮಾತು ಕೇಳೋದೂ ವಿಧೇಯತೆನೇ. ಅದನ್ನ ನಿನಗೆ ನಾನು ಹೇಳಿಕೊಡಬೇಕಾ?”

ಹಾಳೆ ಹಿಡಿದು ಅತ್ತೆ ಖಾಲಿ ತರಗತಿಯಲ್ಲಿ ಕೂತಳು. ಉಗುಳಲೂ ಆಗದು, ನುಂಗಲೂ ಆಗದು. ಪ್ರಾರ್ಥಿಸಲು ಬಾಯಿ ಬರಲಿಲ್ಲ. “ಹೇಳಿದ್ದಕ್ಕೆಲ್ಲ ತಲೆಯಾಡಿಸೋದೇ ದೇವರ ಸೇವೆ ಅಂದ್ಕೊಂಡಿದ್ದೆ ಕಣೇ” ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು. “ದೇವರಿಗೆ ತಲೆಬಾಗೋದು ಬೇರೆ, ಎದುರಿಗೆ ಕೂತೋರಿಗೆ ಹೆದರೋದು ಬೇರೆ. ನಾನು ಆ ಮಗುವಿಗೆ ಕಲಿಸಿದ್ದು ಹೆದರೋದನ್ನ. ಅದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತಲ್ಲ.”

ಅವಳು ನಡೆದದ್ದನ್ನು ನಡೆದಂತೆಯೇ ಬರೆದಳು. ಹೆಡ್‌ಮಿಸ್ ಮೇಜಿನ ಮೇಲೆ ಅದನ್ನಿಟ್ಟು, ಅವರು ಬಾಯಿ ತೆರೆಯುವ ಮೊದಲೇ ಹೊರಬಂದು, ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದ ಹುಡುಗಿಯ ತಾಯಿಯ ಬಳಿಗೆ ಹೋದಳು. ಆಕೆ ಮಷೀನು ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು.

“ಬಚ್ಚಿಟ್ಟುಕೊಂಡಿದ್ಲು ಅಂದ್ರಲ್ಲ ಹೆಡ್‌ಮಿಸ್” ಎಂದಳು ಕೊನೆಗೆ. “ಅದಕ್ಕೇ ನಿನ್ನೆ ಅವಳಿಗೆ ಹೊಡೆದೆ. ಒಂದು ಮಾತೂ ಆಡಲಿಲ್ಲ ಅವಳು.”

ಹುಡುಗಿ ಒಳಬಾಗಿಲ ಪರದೆ ಹಿಡಿದು ನಿಂತಿದ್ದಳು. ಅತ್ತೆ ಚಿಂದಿ ಬಟ್ಟೆ ಹರಡಿದ್ದ ನೆಲದ ಮೇಲೆ ಮಂಡಿಯೂರಿದಳು.

“ತಪ್ಪು ನಿಂದಲ್ಲ ಮಗು. ನಂದು.”

“ನನ್ನನ್ನ ಯಾಕೆ ಮರೆತುಬಿಟ್ರಿ?”

“ಗೊತ್ತಿಲ್ಲ ಮಗು. ಮರೆಯಬಾರದಿತ್ತು” ಎಂದಳು ಅತ್ತೆ.

ತಾಯಿ ಮಗಳನ್ನು ಬೇರೆ ಶಾಲೆಗೆ ಹಾಕಿದಳು. ವಿಚಾರಣೆ ನಡೆದು, ಶಾಲೆ ಹದಿನೈದು ದಿನ ಮುಚ್ಚಿ ಮತ್ತೆ ತೆರೆಯಿತು. ಅತ್ತೆಯನ್ನು ಆ ವರ್ಷವಿಡೀ ತರಗತಿಯಿಂದ ದೂರವಿಟ್ಟು, ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ ಕೊಟ್ಟರು. ಹೆಡ್‌ಮಿಸ್ ಅವಳೊಡನೆ ಮಾತು ಬಿಟ್ಟಿದ್ದರು. ವರ್ಷ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವರೇ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಒಂದು ಪುಸ್ತಕ ಎಳೆದುಕೊಂಡು ರಟ್ಟು ಹಾಕತೊಡಗಿದರು. ಮೂರನೆಯ ಪುಸ್ತಕ ಮುಗಿದಾಗ, “ಬರೋ ವರ್ಷದಿಂದ ನಿನ್ನ ತರಗತಿ ನಿನಗೇ” ಎಂದರು. ಅತ್ತೆ ಅಂಟಿನ ಡಬ್ಬಿಯನ್ನು ಅವರ ಕಡೆ ಸರಿಸಿದಳು.