ಇಪ್ಪತ್ನಾಲ್ಕಕ್ಕೆ ನಿಲ್ಲಿಸಿದ ಓದು

ಬೆಳಿಗ್ಗೆ ಆರಕ್ಕೆ ನನ್ನ ಚಹಾ. ಐವತ್ತು ವರ್ಷಗಳಲ್ಲಿ ಅದು ಆರೂ ಐದಕ್ಕೆ ಹೋದದ್ದಿಲ್ಲ. ಇವತ್ತು ಹೋಯಿತು. ಕಾರಣ, ಮೊಬೈಲಿಗೆ ಬಂದಿದ್ದ ಒಂದು ಪಟ್ಟಿ: ಭಾನುವಾರದ ಆರಾಧನೆಯಲ್ಲಿ ಸತ್ಯವೇದದ ಯಾವ ಪಾಠವನ್ನು ಯಾರು ಓದಬೇಕೆಂದು. ನನ್ನ ಹೆಸರಿನ ಮುಂದೆ ಎಫೆಸದವರಿಗೆ ಬರೆದ ಪತ್ರಿಕೆ, ಐದನೆಯ ಅಧ್ಯಾಯ, ಇಪ್ಪತ್ತೆರಡರಿಂದ ಇಪ್ಪತ್ನಾಲ್ಕು. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕೆಂಬ ಮೂರು ವಚನ. ನೀವು ಸತ್ಯವೇದ ಓದದವರಾದರೆ ಇಷ್ಟು ತಿಳಿದರೆ ಸಾಕು: ಗಂಡನು ಹೆಂಡತಿಯನ್ನು ಪ್ರೀತಿಸಬೇಕೆಂಬ ಮಾತು ಇಪ್ಪತ್ತೈದರಲ್ಲಿ ಬರುತ್ತದೆ.

ಸಭೆಯ ಕಾರ್ಯದರ್ಶಿಯನ್ನು ಆಗಲೇ ಫೋನ್ ಮಾಡಿ ಎಬ್ಬಿಸಿದೆ.

"ಮುಂದಿನದ್ದು ಯಾಕೆ ಬಿಟ್ಟದ್ದು?"

"ಅಂಕಲ್, ಟೈಮ್ ಕಮ್ಮಿ ಉಂಟು. ಒಂದು ಗಂಟೆಗೆ ಬಾಡಿಗೆ ಹಾಲ್ ಖಾಲಿ ಮಾಡ್ಬೇಕು."

ಈ ಕತ್ತರಿ ನನಗೆ ಹೊಸದಲ್ಲ.

ನನ್ನ ಹರೆಯದಲ್ಲಿ, ಸಯನ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ಸಂಜೆ ಏಳಕ್ಕೆ ಸತ್ಯವೇದ ತೆರೆಯಬೇಕಿತ್ತು. ಅಪ್ಪ ಬೈಕುಲ್ಲಾದ ಬಟ್ಟೆ ಗಿರಣಿಯೊಂದರಲ್ಲಿ ಮೇಲ್ವಿಚಾರಕರು. ಮನೆಯನ್ನೂ ಗಿರಣಿಯ ಹಾಗೆಯೇ ನಡೆಸಿದರು. ದಿನಕ್ಕೊಂದು ಅಧ್ಯಾಯ, ಒಬ್ಬೊಬ್ಬರ ಸರದಿಗೆ ಮೂರು ವಚನ. ಮೂರು ಮುಗಿದ ಮೇಲೆ ವಾಕ್ಯ ಅರ್ಧವಿದ್ದರೂ ನಾಲಿಗೆ ನಿಲ್ಲಬೇಕು. ಈ ಶಿಸ್ತಿನಲ್ಲಿ ನಾನೇ ಮೊದಲಿಗ.

ಒಂದು ಮಧ್ಯಾಹ್ನ ಅಕ್ಕ ಭಾಂಡುಪ್‌ನ ಗಂಡನ ಮನೆಯಿಂದ ಚೀಲ ಹಿಡಿದು ಬಂದಳು. ಎಡಕಿವಿ ಊದಿತ್ತು. ಅಪ್ಪ ಸಭಾಪಾಲಕರನ್ನು ಕರೆಸಿದರು. ಸಂಜೆ ಸರದಿಯ ಅಧ್ಯಾಯವಾಗಿ ಎಫೆಸದವರ ಇದೇ ಐದನೆಯದು ಬಂತು, ಸರದಿಯೂ ನನ್ನದೇ. ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಲ್ಕು. ನಿಲ್ಲಿಸಿದೆ.

"ಸಾಕು. ದೇವರೇ ಉತ್ತರ ಕೊಟ್ಟಾಯ್ತಲ್ಲ," ಎಂದು ಸಭಾಪಾಲಕರು ಪ್ರಾರ್ಥನೆಗೆ ಕಣ್ಣು ಮುಚ್ಚಿದರು.

ಮುಂದಿನ ವಚನ ನನ್ನ ಬೆರಳಿನ ಕೆಳಗೇ ಇತ್ತು. ನನ್ನ ಸರದಿಯದಲ್ಲವೆಂದು ಓದಲಿಲ್ಲ. ಮರುದಿನ ಅದೇ ಚೀಲ ಹೊತ್ತು ಅವಳನ್ನು ಭಾಂಡುಪ್‌ಗೆ ಬಿಟ್ಟು ಬಂದೆ. ಎಂಟೂ ಹತ್ತರ ಲೋಕಲ್ ರೈಲು ತಪ್ಪಲಿಲ್ಲವೆಂದು ಹೆಮ್ಮೆ ಬೇರೆ.

ಆ ಕಿವಿಗೆ ಮತ್ತೆಂದೂ ಕೇಳಿಸಲಿಲ್ಲ. ಗಂಡ ಸತ್ತ ಮೇಲೆ ಅಕ್ಕ ನನ್ನ ಜೊತೆಯಲ್ಲೇ ಇದ್ದಾಳೆ. ಫೋನ್ ಇಟ್ಟು ಅವಳ ಬಲಕಿವಿಗೆ ಕೂಗಿ ಹೇಳಿದೆ, "ಈ ಸಲ ಇಪ್ಪತ್ತೈದನ್ನೂ ಓದ್ತೇನೆ."

"ಅದು ಗಂಡನಿಗೆ ಬರೆದದ್ದಲ್ವಾ ಮಾರಾಯ? ಅವನು ಯಾವಾಗ ಪ್ರೀತಿಸ್ತಾನೆ ಅಂತ ನಾನು ಕಾದು ಕೂತ್ಕೊಳ್ಳುವುದಾ? ಅವತ್ತು ಒಂದು ವಚನ ಜಾಸ್ತಿ ಓದಿದ್ರೆ ನೀನು ಆ ಚೀಲ ಹೊರ್ತಿರ್ಲಿಲ್ವಾ?"

ಅವಳೇ ಲೂಕನ ಸುವಾರ್ತೆಯ ಪುಟ ತೆರೆದಳು. ಹದಿನೆಂಟು ವರ್ಷ ಬೆನ್ನು ಬಾಗಿದ್ದ ಹೆಂಗಸನ್ನು ಯೇಸು, ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ ದಿನ, ನೆಟ್ಟಗೆ ನಿಲ್ಲಿಸುತ್ತಾನೆ. ಸಭಾಮಂದಿರದ ಅಧಿಕಾರಿಗೆ ಸಿಟ್ಟು: ವಾಸಿಯಾಗಲು ಉಳಿದ ಆರು ದಿನ ಇಲ್ಲವೇ ಎಂದು.

"ಇದನ್ನು ಓದುವ. ಆ ಅಧಿಕಾರಿಯ ಸ್ವರ ನಿನಗೆ ಚೆನ್ನಾಗಿ ಬರ್ತದೆ," ಎಂದಳು.

ಬರುತ್ತದೆ. ಪುಸ್ತಕ ಏನು ಹೇಳುತ್ತದೆಂದು ಮಾತ್ರ ಕೇಳಿ ಬೆಳೆದವನು ನಾನು. ಅದನ್ನು ಯಾರ ಬೆನ್ನಿನ ಮೇಲಿಟ್ಟು ಓದುತ್ತಿದ್ದೇವೆಂದು ಕೇಳಲೇ ಇಲ್ಲ. ಇನ್ನು ಕೇಳದೆ ಒಂದು ಪುಟವನ್ನೂ ತೆರೆಯುವುದಿಲ್ಲ.

ಕಾರ್ಯದರ್ಶಿಗೆ ಬರೆದೆ: "ಲೂಕ, ಹದಿಮೂರನೆಯ ಅಧ್ಯಾಯ. ಓದುವವರು ನನ್ನ ಅಕ್ಕ."

"ಆಂಟಿ ತುಂಬಾ ನಿಧಾನ ಅಲ್ವಾ ಅಂಕಲ್?" ಎಂದು ಅವನ ಉತ್ತರ ಬಂತು.

"ಹೌದು. ಹಾಲ್ ಕಾಯಲಿ."

ಗಡಿಯಾರ ಆರೂ ಐವತ್ತು ತೋರಿಸುತ್ತಿತ್ತು. ತಣ್ಣಗಾದ ಚಹಾವನ್ನು ಬಿಸಿ ಮಾಡಿ, ಅಕ್ಕನ ಬಲಗಡೆಗೆ ಕುರ್ಚಿ ಎಳೆದು ಕುಳಿತೆ.