ಮಂಗಳವಾರ, ಶುಕ್ರವಾರದ ಮಾಂಗಾ

ಹಾಡಿನ ಕ್ಲಾಸಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ನನ್ನ ಗೆಳತಿ ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ನನ್ನ ಜೊತೆ ನೆಟ್ ಸೆಂಟರಿಗೆ ಬರುತ್ತಿದ್ದಳು. ಎರಡು ಸಾವಿರದ ನಾಲ್ಕು, ಐದರ ಸುಮಾರಿನ ಮಾತು. ನಾವಿಬ್ಬರೂ ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆವು. ನಾನು ಗೋಪನಕೊಪ್ಪದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವವಳು. ಅಪ್ಪನದು ದುರ್ಗದಬೈಲಿನಲ್ಲಿ ಬಳೆ ಅಂಗಡಿ. ಅವಳು ಧಾರವಾಡದವಳೇ. ಅಜ್ಜ ಹಾಡುತ್ತಿದ್ದವರು, ತಂದೆ ಆಫೀಸು ಮುಗಿಸಿ ಬಂದು ತಬಲಾ ಮುಂದೆ ಕೂರುವವರು. ಮನೆಗೆ ಬಂದವರೆಲ್ಲ ಮೊದಲು ವಿಚಾರಿಸುತ್ತಿದ್ದುದು ಅವಳ ರಿಯಾಜಿನ ಬಗ್ಗೆ. ಅವಳಿಗೆ ಹಾಡು ಬೇಕಿರಲಿಲ್ಲ. ಬೇಕಿದ್ದುದು ಚಿತ್ರ ಬರೆಯುವುದು.

ನೆಟ್ ಸೆಂಟರಿನಲ್ಲಿ ನಾವು ಓದುತ್ತಿದ್ದುದು ಮಾಂಗಾ. ಜಪಾನಿನ ಚಿತ್ರಕಥೆಗಳು; ಬಲದಿಂದ ಎಡಕ್ಕೆ ಓದಬೇಕು. ಯಾರೋ ಪುಣ್ಯಾತ್ಮರು ಇಂಗ್ಲಿಷಿಗೆ ತಿರುಗಿಸಿ ಒಂದೊಂದೇ ಪುಟ ಹಾಕಿರುತ್ತಿದ್ದರು. ಅದು ತೆರೆದುಕೊಳ್ಳುವ ಹೊತ್ತಿಗೆ ಕಾದು ಕಾದು ಸಾಕಾಗುತ್ತಿತ್ತು. ಚಿತ್ರ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲು ಕೂದಲು, ಆಮೇಲೆ ಹಣೆ, ಆಮೇಲೆ ಕಣ್ಣು. ಬಾಯಿ ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಆ ಮುಖ ನಗುತ್ತಿದೆಯೋ ಹಲ್ಲು ಕಡಿಯುತ್ತಿದೆಯೋ ತಿಳಿಯುತ್ತಿರಲಿಲ್ಲ.

ಆ ಕಥೆಗಳಲ್ಲಿ ದ್ರೋಹಕ್ಕೆ ಲೆಕ್ಕವಿರಲಿಲ್ಲ. ಜೊತೆಯಲ್ಲೇ ಬೆಳೆದ ಗೆಳತಿ ವೈರಿಗೆ ಕೋಟೆಯ ಬಾಗಿಲು ತೆಗೆದುಕೊಡುವಳು. ಆಮೇಲೆ ಒಂದಿಡೀ ಅಧ್ಯಾಯ ಅವಳ ಬಾಲ್ಯಕ್ಕೇ ಮೀಸಲು: ಯಾರು ಅವಳನ್ನು ಹೊಡೆದರು, ಯಾರು ಬಿಟ್ಟುಹೋದರು. ಕಡೆಗೆ ದೊಡ್ಡ ಹೊಡೆದಾಟ, ಮಳೆ, ಅಳು. ಮೋಸ ಹೋದವಳು ಕೈ ಚಾಚಿ ಮನೆಗೆ ಬಾ ಎನ್ನುವಳು. ಬಾಲ್ಯದ ಅಧ್ಯಾಯ ಓದುವಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳಿಗೆ ಸಿಟ್ಟು ಬರುತ್ತಿತ್ತು.

"ಕಾರಣ ಹೇಳಿದ್ರ ತಪ್ಪು ಸಣ್ಣದಾಗ್ತದೇನ?" ಎನ್ನುತ್ತಿದ್ದಳು.

"ಪಾಪ, ಆಕೀದೂ ಕಥಿ ಕೇಳಬೇಕಲ್ಲ," ಎನ್ನುತ್ತಿದ್ದೆ ನಾನು.

ಅವಳು ತನ್ನದೇ ಒಂದು ಕಥೆ ಬರೆಯತೊಡಗಿದ್ದಳು. ಮೂರು ಉದ್ದ ವಹಿ ತುಂಬ ಪೆನ್ಸಿಲಿನ ಚಿತ್ರ. ಇಬ್ಬರು ಹುಡುಗಿಯರ ಕಥೆ ಎಂದಷ್ಟೇ ಹೇಳಿದ್ದಳು. ಮುಗಿದ ಮೇಲೆ ತೋರಿಸುತ್ತೇನೆ ಎಂದಿದ್ದಳು. ಆ ಇಬ್ಬರಲ್ಲಿ ಒಬ್ಬಳು ನಾನೇ ಎಂದು ಲೆಕ್ಕ ಹಾಕಿಕೊಂಡು ತಿಂಗಳುಗಟ್ಟಲೆ ಕಾದೆ. ಒಂದು ದಿನ ಕಾಲೇಜಿನ ಕ್ಲಾಸಿಗೆ ತಡವಾಗಿ ಹೋದರೆ ಮೊದಲ ಬೆಂಚಿನ ಹುಡುಗಿಯೊಬ್ಬಳು ಗೆಳತಿಯ ಪಕ್ಕ ಕೂತು ಆ ವಹಿಯ ಹಾಳೆ ತಿರುವುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ನನ್ನನ್ನು ಕಂಡು ಗೆಳತಿ ವಹಿ ಮುಚ್ಚಿದಳು.

ಅದೇ ಸಂಜೆ ಕಾಯಿಪಲ್ಲೆ ಮಾರುಕಟ್ಟೆಯ ಬಳಿ ಅವಳ ತಾಯಿ ಸಿಕ್ಕರು.

"ಆಕಿ ಹಾಡಿನ ಕ್ಲಾಸ್ ಹೆಂಗ ನಡದದವಾ? ಮನ್ಯಾಗ ಬಾಯೇ ತಗೀಯಂಗಿಲ್ಲ," ಎಂದರು.

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. "ಕ್ಲಾಸಿಗೆ ಎಲ್ಲಿ ಹೊಕ್ಕಾಳ್ರಿ ಕಾಕು," ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ನೆಟ್ ಸೆಂಟರ್ ಎಲ್ಲಿದೆ, ಯಾವ ಯಾವ ದಿನ ಹೋಗುತ್ತಾಳೆ, ವಹಿಗಳನ್ನು ಗಾದಿಯ ಕೆಳಗೆ ಇಡುತ್ತಾಳೆ, ಎಲ್ಲ ಹೇಳಿದೆ. ಜೊತೆಗೆ ನಾನೂ ಹೋಗುತ್ತಿದ್ದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅವರು ನನ್ನ ಗಲ್ಲ ಮುಟ್ಟಿ, "ಛಲೋ ಹುಡುಗಿ," ಎಂದು ಹೊರಟುಹೋದರು.

ಮರುದಿನ ಅವಳು ಎಂದಿನಂತೆ ಬಂದು ಪಕ್ಕದಲ್ಲಿ ಕೂತಳು.

"ಅವ್ವಗ ಯಾರೋ ಹೇಳ್ಯಾರ. ಮೂರೂ ವಹಿ ನೀರೊಲಿಗೆ ಹಾಕಿದಳು. ಇವತ್ತ ಮುಂಜಾನೆ ಅದೇ ನೀರಿಲೇ ಜಳಕ ಮಾಡಿ ಬಂದೇನಿ," ಎಂದಳು.

"ಯಾರಂತ?" ಎಂದು ಕೇಳಿದೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. "ಬಿಡು, ಆಗೂದು ಆತು," ಎಂದು ನಕ್ಕಳು.

ಆ ನಗುವಿನಿಂದ ನನ್ನ ದಿನಗಳು ಕೆಟ್ಟವು. ಮಾಂಗಾದಲ್ಲಿ ಅಂಥ ನಗು ಬಂದರೆ ಮುಂದಿನ ಪುಟದಲ್ಲಿ ಏನು ಕಾದಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೇಡು ಬರುವ ಮೊದಲು ಅಲ್ಲಿ ಖಾಲಿ ಬೀದಿ ತೋರಿಸುತ್ತಾರೆ, ಮೇಜಿನ ಮೇಲೆ ಒಂದು ಬಟ್ಟಲು, ಅರ್ಧ ತೆರೆದ ಕಿಟಕಿ, ಮಾತೇ ಇರುವುದಿಲ್ಲ. ನನ್ನ ಸುತ್ತ ಎಲ್ಲವೂ ಹಾಗೇ ಕಾಣತೊಡಗಿತು. ಅವಳು ತನ್ನ ನೋಟ್ಸು ತಾನಾಗಿ ಕೊಟ್ಟಳು. ತಪ್ಪು ಬರೆದುಕೊಟ್ಟಿರಬಹುದೆಂದು ಪುಸ್ತಕದ ಜೊತೆ ಸಾಲುಸಾಲಾಗಿ ತಾಳೆ ನೋಡಿದೆ. ಒಂದಕ್ಷರ ತಪ್ಪಿರಲಿಲ್ಲ. ಡಬ್ಬಿಯಲ್ಲಿ ಅವಲಕ್ಕಿ ಚೂಡಾ ತಂದರೆ ಅವಳು ಮೊದಲು ಬಾಯಿಗೆ ಹಾಕಿಕೊಳ್ಳುವವರೆಗೆ ನಾನು ಮುಟ್ಟುತ್ತಿರಲಿಲ್ಲ. ಕಾಲೇಜಿನ ಮೆಟ್ಟಿಲು ಇಳಿಯುವಾಗ ಅವಳು ಹಿಂದಿದ್ದರೆ ಗೋಡೆ ಹಿಡಿದು ನಡೆಯುತ್ತಿದ್ದೆ.

ಒಂದು ದಿನ, "ನಿಮ್ಮ ಮನಿ ಫೋನ್ ನಂಬರ್ ಬರಕೊಡು, ನನ್ನ ಹತ್ರ ಇದ್ದದ್ದು ಕಳೀತು," ಎಂದಳು. ಬರೆದುಕೊಟ್ಟೆ. ನಾನೂ ಮನೆಯಲ್ಲಿ ಹೆಚ್ಚಿನ ಕ್ಲಾಸ್ ಇದೆ ಎಂದು ಸುಳ್ಳು ಹೇಳಿಯೇ ನೆಟ್ ಸೆಂಟರಿಗೆ ಹೋಗುತ್ತಿದ್ದವಳು. ಹದಿನೈದು ದಿನ, ಫೋನ್ ರಿಂಗಾದಾಗಲೆಲ್ಲ ಅವ್ವನಿಗಿಂತ ಮೊದಲು ಓಡಿಹೋಗಿ ಎತ್ತಿದೆ. ಅವಳ ಫೋನ್ ಬರಲೇ ಇಲ್ಲ.

ಹೀಗೇ ಡಿಗ್ರಿ ಮುಗಿಯಿತು. ಅವಳು ಚಿತ್ರಕಲೆಯ ಕೋರ್ಸಿಗೆ ಅರ್ಜಿ ಹಾಕಬೇಕೆಂದಿದ್ದಳು. ಬರೆದ ಚಿತ್ರಗಳನ್ನು ಜೊತೆಗಿಡಿ ಎಂದು ಕೇಳಿದ್ದರಂತೆ. ಇಡಲು ಅವಳ ಬಳಿ ಏನೂ ಉಳಿದಿರಲಿಲ್ಲ. ಒಂದು ಖಾಸಗಿ ಆಫೀಸಿನಲ್ಲಿ ಟೈಪಿಸ್ಟ್ ಆದಳು. ಈ ಸುದ್ದಿ ನನಗೆ ಬೇರೆಯವರಿಂದ ತಿಳಿಯಿತು.

ನಾಲ್ಕು ವರ್ಷದ ಮೇಲೆ ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಗೋಪನಕೊಪ್ಪದ ತವರಿನಲ್ಲಿ ನಡೆಯಿತು. ಅವ್ವ ಹಳೆಯ ಗೆಳತಿಯೆಂದು ಅವಳನ್ನೂ ಕರೆದಿದ್ದಳು. ಅವಳು ಬಂದಳು, ಕೂಸಿನ ತಲೆಗೆ ಕಟ್ಟುವ ಕುಂಚಿಗೆ ತಂದಿದ್ದಳು, ಕೂಸನ್ನು ಎತ್ತಿಕೊಂಡಳು. ಯಾರೋ ಹಿರಿಯರಿಗೆ ನಮಸ್ಕಾರ ಮಾಡಿ ನಾನು ತಲೆಯೆತ್ತುವಷ್ಟರಲ್ಲಿ ಅವಳೂ ಇರಲಿಲ್ಲ, ಕೂಸೂ ಇರಲಿಲ್ಲ.

ಒಳಕೋಣೆ ನೋಡಿದೆ, ಹಿತ್ತಲು ನೋಡಿದೆ. ಬಾಣಂತಿಯ ಕಾಲಿನಲ್ಲಿ ಮಾಳಿಗೆಯ ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ.

ಅವಳು ಮಾಳಿಗೆಯ ಅಂಚಿನ ಮೋಟುಗೋಡೆಯ ಹತ್ತಿರ ನಿಂತಿದ್ದಳು. ಕೂಸು ಹೆಗಲ ಮೇಲೆ ನಿದ್ದೆ ಹೋಗಿತ್ತು.

"ಕೆಳಗ ಗದ್ದಲ ಭಾಳ ಇತ್ತು, ಅಳಾಕತ್ತಿತ್ತು," ಎಂದಳು. "ಬಿಸಲು ಛಲೋ ಅದ ಇಲ್ಲೆ."

"ಕೊಡು ಇಲ್ಲಿ," ಎಂದು ಕೈ ಚಾಚಿದೆ.

ಅವಳು ಕೊಡಲಿಲ್ಲ. "ಯಾಕ ಹಿಂಗ ಓಡಿ ಬಂದಿ?"

"ಹಾಲು ಕುಡಸೂ ಹೊತ್ತಾತು."

"ಸುಳ್ಳು. ನನಗ ಅಂಜಿ ಓಡಿ ಬಂದಿ. ಅವತ್ತಿಂದ ಅಂಜಾಕತ್ತಿ."

"ನಿನಗ ಗೊತ್ತಿತ್ತೇನ?" ಎಂದೆ.

"ಅವತ್ತ ಸಂಜೀನ ಗೊತ್ತಾತು. ಅವ್ವ ನಿನ್ನ ಹೆಸರು ಹಿಡದು ಹೊಗಳಿದಳು, ಎಷ್ಟ ಖರೇ ಮಾತಿನ ಹುಡುಗಿ ಅಂತ."

"ಮತ್ತ ಯಾಕ ಒಂದ ಮಾತೂ ಕೇಳಲಿಲ್ಲ? ನೀ ಬೈತಿ, ನಮ್ಮ ಮನ್ಯಾಗ ಹೇಳ್ತಿ ಅಂತ ಎಷ್ಟ ದಿನ ಕಾದೆ ನಾ!"

"ನಾನೂ ಕಾದೆ," ಎಂದಳು. "ನೀನ ಬಂದು ಹೇಳ್ತಿ ಅಂತ. ಒಂದು ವಾರ, ಒಂದು ತಿಂಗಳು, ಪರೀಕ್ಷಾ ಮುಗಿಯೂತನಕ. ದಿನಾ ಬಾಜೂಕ ಬಂದು ಕೂತೆ. ಫೋನ್ ನಂಬರ್ ಇಸಗೊಂಡೆ, ಎದುರಿಗೆ ಆಗಲಿಲ್ಲಂದ್ರ ಫೋನಿನಾಗರ ಹೇಳ್ತಿಯೇನೋ, ಒಮ್ಮೆ ಮಾಡಿ ನೋಡೋಣು ಅಂತ. ಮಾಡಲಿಕ್ಕೆ ಮನಸ್ಸಾಗಲಿಲ್ಲ. ನೀ ನನ್ನ ಮಾರಿ ನೋಡೂದ ಬಿಟ್ಟಿದ್ದಿ."

ನನ್ನ ಕೈ ಚಾಚಿದಂತೆಯೇ ಇತ್ತು. ಅಷ್ಟು ವರ್ಷ ಅವಳು ಕ್ಷಮಿಸುವಳೋ ಸೇಡು ತೀರಿಸಿಕೊಳ್ಳುವಳೋ ಎಂದು ಅವಳನ್ನೇ ಕಾದಿದ್ದೆ. ಅವಳ ಮುಂದೆ ಹೋಗಿ ನಿಂತು ಬಾಯಿ ಬಿಡಬೇಕಾದವಳು ನಾನು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಅವತ್ತ ನೀ ಆ ಹುಡುಗಿಗೆ ಮೊದಲ ತೋರಿಸಿದಿ ಅಂತ ನನಗ..." ಎಂದು ಶುರುಮಾಡಿದೆ.

"ಕಾರಣ ಬ್ಯಾಡ."

ಕೆಳಗೆ ಹೆಂಗಸರು ಜೋಗುಳಕ್ಕೆ ಕೂಗುತ್ತಿದ್ದರು.

"ನಂದು ತಪ್ಪಾತು," ಎಂದೆ.

ಅವಳು ಕೂಸಿನ ಕುಂಚಿಗೆ ಸರಿಮಾಡಿದಳು. "ಹೂಂ, ಕೇಳಿದೆ," ಎಂದಳು. ಆಮೇಲೆ ಕೂಸನ್ನು ನನ್ನ ತೋಳಿಗೆ ಕೊಟ್ಟು, ತಲೆಯ ಕೆಳಗೆ ನನ್ನ ಕೈ ಸರಿಯಾಗಿ ಕೂತಿದೆಯೇ ಎಂದು ನೋಡಿ, ನನಗಿಂತ ಮೊದಲು ಮೆಟ್ಟಿಲಿಳಿದಳು.

ಊಟ ಮಾಡಿದಳು. ಅವ್ವ ಕುಪ್ಪಸದ ಕಣ ಕೊಟ್ಟು ಕುಂಕುಮ ಹಚ್ಚಿದಳು. ಮತ್ತೊಮ್ಮೆ ಬಾ ಎಂದಾಗ, "ನೋಡೂಣು," ಎಂದಳು. ಬಂದಿಲ್ಲ. ವರ್ಷಕ್ಕೆ ಎರಡು ಸಲ ನಾನೇ ಫೋನ್ ಮಾಡುತ್ತೇನೆ. ಮಗಳ ಆರೋಗ್ಯ ವಿಚಾರಿಸುತ್ತಾಳೆ, ಆಫೀಸಿನ ಮಾತು ಎರಡು ಹೇಳುತ್ತಾಳೆ. ಮಾಫು ಮಾಡಿದೆಯಾ ಎಂದು ಕೇಳಲು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ, ಕೇಳುವುದಿಲ್ಲ. ಆ ಕಡೆ ಅವಳು ಫೋನ್ ಇಡದೆ ಕಾಯುತ್ತಿರುತ್ತಾಳೆ.